ಕೋಕಿಲಾಳ ಹೆಸರಿನಲ್ಲಿ

ಕೋಕಿಲಾಳ ಐಡಿ, ಕೋಕಿಲಾಳ ಪಾಸ್‌ವರ್ಡ್ ಹಾಕಿ ಹಂಸಾ ಎಂಬ ಟ್ರೇಲರ್ ಚಾಲಕನ ಆಸ್ಪತ್ರೆಯ ಫೈಲನ್ನು ತೆರೆಯಲಾಯಿತು. ಅದರ ಪುಟಗಳು ಅವನ ಗುತ್ತಿಗೆದಾರನ ಕೈಗೆ ಹೋದವು. ಗುತ್ತಿಗೆದಾರ ಅವನ್ನು ವಲ್ಲಾರ್ಪಾಡಂನ ಕಂಟೇನರ್ ಯಾರ್ಡಿನಲ್ಲಿ ಉಳಿದ ಚಾಲಕರೆದುರು ಗಟ್ಟಿಯಾಗಿ ಓದಿದ. ಓದಿ ಮುಗಿಸಿ ಹಂಸಾನ ಕೈಯಿಂದ ಗಾಡಿಯ ಕೀಲಿ ತೆಗೆದುಕೊಂಡ.

ಕೋಕಿಲಾಳಿಗೆ ಇದು ಗೊತ್ತಾದದ್ದು ಎಲ್ಲ ಮುಗಿದು, ಹಂಸಾ ದೂರು ಬರೆದುಕೊಟ್ಟ ಮೇಲೆ. ಎರ್ನಾಕುಲಂನಲ್ಲಿ ಅವಳು ಕೆಲಸ ಮಾಡುವ ಕಚೇರಿಗೆ ಕಾರ್ಮಿಕರ ಆರೋಗ್ಯ ವಿಮೆಯ ಕ್ಲೇಮುಗಳು ಬರುತ್ತವೆ. ಆಸ್ಪತ್ರೆಯ ಬಿಲ್ಲು, ಡಾಕ್ಟರ ಚೀಟಿ, ಯಾವ ಕಾಯಿಲೆ, ಎಷ್ಟು ದಿನ, ಯಾವ ಮಾತ್ರೆ ಎಲ್ಲವನ್ನೂ ಪರದೆಯ ಮೇಲೆ ತೆರೆದು ನೋಡಿ ಮುಂದಕ್ಕೆ ಕಳಿಸುವುದು ಅವಳ ಕೆಲಸ. ಯಾವ ಫೈಲನ್ನು ಯಾರು ಯಾವಾಗ ತೆರೆದರು ಎಂಬುದನ್ನು ಕಂಪ್ಯೂಟರ್ ತಾನೇ ಬರೆದಿಟ್ಟುಕೊಳ್ಳುತ್ತದೆ. ಹಂಸಾನ ಫೈಲಿನ ಎದುರು ಅದು ಬರೆದಿಟ್ಟಿದ್ದು ಕೋಕಿಲಾಳ ಹೆಸರು. ಆ ಹೊತ್ತಿಗೆ ಕೋಕಿಲಾ ಮಟ್ಟಾಂಚೇರಿಯಿಂದ ಬರುವ ಬೋಟಿನಲ್ಲಿ ಟಿಫಿನ್ ಚೀಲ ತೊಡೆಯ ಮೇಲಿಟ್ಟುಕೊಂಡು, ಪಂಖಕ್ಕೆ ಸುತ್ತಿಕೊಂಡ ಅಂತರಗಂಗೆ ಗಿಡಗಳನ್ನು ಬೋಟಿನವರು ಬಿಡಿಸುವುದನ್ನು ನೋಡುತ್ತ ಕೂತಿದ್ದಳು.

ಅವಳ ಐಡಿ ಅವಳಿಲ್ಲದೆ ಹೇಗೆ ತೆರೆದಿತ್ತು ಎಂದು ಆ ವಿಭಾಗದಲ್ಲಿ ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಎರಡು ವರ್ಷದ ಹಿಂದೆ ಆಡಳಿತದವರು ಹಾಜರಿ ಪುಸ್ತಕ ತೆಗೆದುಹಾಕಿ, ಇನ್ನು ಮೇಲೆ ಕಂಪ್ಯೂಟರಿಗೆ ಲಾಗಿನ್ ಆದ ಹೊತ್ತೇ ಹಾಜರಿ ಎಂದರು. ಒಂಬತ್ತೂವರೆ ದಾಟಿದರೆ ಅರ್ಧ ದಿನದ ಸಂಬಳ ಹೋಯಿತು. ಬೋಟಿಗೆ ಅಂತರಗಂಗೆ ಅಡ್ಡ ಬರುತ್ತದೆ, ಹಡಗು ಅಡ್ಡ ಬರುತ್ತದೆ, ಬಸ್ಸಿಗೆ ಮೆರವಣಿಗೆ ಅಡ್ಡ ಬರುತ್ತದೆ. ಅದೆಲ್ಲ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಪಳ್ಳುರುತ್ತಿಯಿಂದ ಬೈಕಿನಲ್ಲಿ ಬರುವ ವಿನ್ಸೆಂಟ್ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಸುತ್ತಿದ್ದ. ತಡವಾಗುವ ಹೆಂಗಸರೆಲ್ಲ ಅವನಿಗೆ ಪಾಸ್‌ವರ್ಡ್ ಹೇಳಿಟ್ಟಿದ್ದರು. ಅವನು ಒಂದೊಂದೇ ಸೀಟಿಗೆ ಹೋಗಿ ಅವರವರ ಹೆಸರಿನಲ್ಲಿ ಲಾಗಿನ್ ಮಾಡಿ, ಫ್ಯಾನು ಹಾಕಿಡುತ್ತಿದ್ದ. ಗಾಬರಿ ಬೀಳದೆ ಬನ್ನಿ ಚೇಚಿ, ಬೋಟಿನಿಂದ ಓಡಿ ಕಾಲು ಮುರಿದುಕೊಳ್ಳಬೇಡಿ ಎಂದು ಅಕ್ಕಂದಿರಿಗೆ ಹೇಳುವ ಹಾಗೆ ಹೇಳುತ್ತಿದ್ದ. ವಿಭಾಗದ ಮುಖ್ಯಸ್ಥ ಧರಣೇಂದ್ರನಿಗೆ ಇದು ಮೊದಲಿನಿಂದಲೂ ಗೊತ್ತು. ತಿಂಗಳ ಕೊನೆಯ ಕೆಲಸ ನಿಲ್ಲಬಾರದೆಂದು ಅವನೂ ಎಲ್ಲರ ಪಾಸ್‌ವರ್ಡ್ ಇಸಿದುಕೊಂಡಿದ್ದ. ಕೊನೆಗೆ ಮರೆತುಹೋಗದಿರಲಿ ಎಂದು ಎಲ್ಲರೂ ತಮ್ಮ ಹೆಸರು, ಸೀಟಿನ ಸಂಖ್ಯೆ ಸೇರಿಸಿ ಅದನ್ನೇ ಪಾಸ್‌ವರ್ಡ್ ಮಾಡಿ ಇಟ್ಟುಕೊಂಡರು. ಹೀಗೆ ಒಬ್ಬರ ಬೀಗಕ್ಕೆ ವಿಭಾಗದವರೆಲ್ಲರ ಕೈಯಲ್ಲೂ ಕೀಲಿ ಇತ್ತು.

ದೂರಿನ ಸುದ್ದಿ ಕೇಳಿದ ದಿನ ಸಂಜೆ ಕೋಕಿಲಾ ಮನೆಗೆ ಬಂದಾಗ ಅತ್ತೆ ಸುಮಿತ್ರ ಅಡಿಗೆಮನೆಯ ಕಿಟಕಿಯ ಬಳಿ ಕೂತು ತೊಗರಿಬೇಳೆ ಆರಿಸುತ್ತಿದ್ದರು. ಕೆಳಗೆ ಒಣಶುಂಠಿಯ ಗೋದಾಮು, ಮೇಲೆ ಇವರ ಬಾಡಿಗೆ ಮನೆ. ಆ ಘಾಟಿಗೆ ಸೀನಿ ಸೀನಿ ಈಗ ಸುಮಿತ್ರರಿಗೆ ರೂಢಿಯಾಗಿತ್ತು. ರೂಢಿಯಾಗದೇ ಉಳಿದದ್ದು ಮಲಯಾಳ ಮಾತ್ರ. ನಂಜನಗೂಡಿನಿಂದ ಮಗನ ಬ್ಯಾಂಕಿನ ವರ್ಗಾವಣೆಯ ಹಿಂದೆ ಬಂದವರು. ಆ ಮಗ ಹೃಷಿಕೇಶ್‌ನನ್ನು ಬ್ಯಾಂಕು ಮತ್ತೆ ತಿರುವನಂತಪುರಕ್ಕೆ ಎತ್ತಿ ಹಾಕಿತ್ತು. ಅವನು ಅಲ್ಲಿ ಪಟ್ಟಂ ಎಂಬ ಬಡಾವಣೆಯ ಆಫೀಸಿನ ಹತ್ತಿರ ಒಂದು ಕೋಣೆ ಮಾಡಿಕೊಂಡು ವಾರಕ್ಕೊಮ್ಮೆ ರೈಲಿನಲ್ಲಿ ಬಂದು ಹೋಗುತ್ತಿದ್ದ. ಮನೆಯಲ್ಲಿ ಕನ್ನಡ ಆಡಲು ಸುಮಿತ್ರರಿಗೆ ಸೊಸೆಯೊಬ್ಬಳೇ. ಮೊಮ್ಮಗಳು ಕೃತಿ ಕಾನೂನು ಓದುವವಳು, ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುವವಳು. ತೀರ ಸಿಟ್ಟು ಬಂದರೆ ಮಾತ್ರ ಕನ್ನಡಕ್ಕೆ ಇಳಿಯುತ್ತಿದ್ದಳು.

“ನನ್ನ ಹೆಸ್ರಲ್ಲಿ ಯಾರೋ ಒಬ್ಬನ ಫೈಲ್ ತೆಗ್ದಿದಾರೆ ಅತ್ತೆ. ಅವನ ಕೆಲಸ ಹೋಯ್ತಂತೆ.”

“ಧರಣಿಗೆ ಹೇಳು. ಅವನು ನೋಡ್ಕೋತಾನೆ,” ಎಂದರು ಸುಮಿತ್ರ.

ಧರಣೇಂದ್ರ ಬೆಳಗಾವಿ ಕಡೆಯ ಜೈನರವನು, ಒಂಟಿಯಾಗಿ ಇಲ್ಲಿದ್ದ. ತಿಂಗಳಿಗೊಮ್ಮೆ ಭಾನುವಾರ ಇವರ ಮನೆಗೆ ಊಟಕ್ಕೆ ಬರುತ್ತಿದ್ದ. ಹೊತ್ತು ಮುಳುಗುವ ಮುಂಚೆ ಉಣ್ಣುವವನೆಂದು ಸುಮಿತ್ರ ಮಧ್ಯಾಹ್ನದ ನಿದ್ದೆ ಬಿಟ್ಟು, ಈರುಳ್ಳಿ ಆಲೂಗಡ್ಡೆ ಸೋಕದ ಪಾತ್ರೆ ಬೇರೆ ತೊಳೆದಿಟ್ಟು ಅವನಿಗೆ ಅಡಿಗೆ ಮಾಡುತ್ತಿದ್ದರು. ಈ ಊರಲ್ಲಿ ತಮ್ಮನ್ನು ಅವ್ವಾರ ಎಂದು ಕರೆಯುವವನು ಅವನೊಬ್ಬನೇ ಎಂದು ಅವರು ಆಗಾಗ ಹೇಳುವುದಿತ್ತು.

ಶನಿವಾರ ಬೆಳಿಗ್ಗೆ ದೋಸೆ ತಿನ್ನುವಾಗ ಕೋಕಿಲಾ ಗಂಡನಿಗೆ ಎಲ್ಲ ಹೇಳಿದಳು. ಹೃಷಿಕೇಶ್ ಬ್ಯಾಂಕಿನಲ್ಲಿ ಮಾಹಿತಿ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿ. ಪಟ್ಟಂಗೆ ಬರುವ ಶಾಖೆಗಳ ಸಿಬ್ಬಂದಿಗೆ ಅವನೇ ಪಾಠ ಮಾಡುವುದು. ಕೈಯಲ್ಲಿದ್ದ ದೋಸೆ ತಟ್ಟೆಗಿಟ್ಟು, ಹೆಂಡತಿಯನ್ನೂ ಹಾಗೇ ಒಬ್ಬ ಸಿಬ್ಬಂದಿಯಂತೆ ಎದುರಿಗೆ ಕೂರಿಸಿಕೊಂಡು ಮೊದಲಿನಿಂದ ಶುರು ಮಾಡಿದ. ಮಾಹಿತಿಗೆ ಮೂರು ಗುಣ ಇರಬೇಕು: ಗೌಪ್ಯತೆ, ಸಮಗ್ರತೆ, ಲಭ್ಯತೆ. ಸುಮಿತ್ರ ಅದೇನೆಂದು ಕೇಳಿದ್ದಕ್ಕೆ ಅವರ ಕೈಯಲ್ಲಿದ್ದ ಉಪ್ಪಿನಕಾಯಿ ಭರಣಿಯನ್ನೇ ತೋರಿಸಿದ.

“ಯಾರಿಗೆ ಹಕ್ಕಿದೆಯೋ ಅವರು ಮಾತ್ರ ಮುಚ್ಚಳ ತೆಗೀಬೇಕು. ಅದು ಗೌಪ್ಯತೆ. ಯಾರೂ ಒಳಗೆ ಏನೂ ಸೇರಿಸ್ಬಾರ್ದು, ಬದಲಾಯಿಸ್ಬಾರ್ದು. ಅದು ಸಮಗ್ರತೆ. ಊಟಕ್ಕೆ ಕೂತಾಗ ಕೈಗೆ ಸಿಗ್ಬೇಕು. ಅದು ಲಭ್ಯತೆ.”

“ಹಂಗಾದ್ರೆ ಇದ್ರಲ್ಲಿ ಲಭ್ಯತೆ ಇಲ್ಲ ಕಣಪ್ಪ,” ಎಂದು ಸುಮಿತ್ರ ಭರಣಿ ಬಗ್ಗಿಸಿ ತೋರಿಸಿದರು. “ನಿನ್ನ ಮಗಳು ಈ ಊರಿನ ಅಕ್ಕಿಹಿಟ್ಟಿನ ಪುಟ್ಟುಗೂ ನೆಂಚ್ಕೊಂಡು ಖಾಲಿ ಮಾಡಿದ್ಲು.”

ಹೃಷಿಕೇಶ್ ನಗಲಿಲ್ಲ. ದೃಢೀಕರಣ ಎಂದರೆ ನೀನು ನೀನೇ ಎಂದು ಯಂತ್ರಕ್ಕೆ ಒಪ್ಪಿಸುವುದು, ಅಧಿಕಾರ ಎಂದರೆ ಹಾಗೆ ಒಪ್ಪಿಸಿದ ಮೇಲೆ ನಿನಗೆ ಏನೇನು ಮಾಡಲು ಬಿಡಬೇಕು ಎನ್ನುವುದು ಎಂದು ವಿವರಿಸಿದ. ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ, ತನ್ನ ಪಾಠಕ್ಕೆ ಬರುವ ಮ್ಯಾನೇಜರುಗಳಿಗೂ ಇದು ತಲೆಗೆ ಹೋಗುವುದಿಲ್ಲ ಎಂದ. ಆಮೇಲೆ ಕೋಕಿಲಾಳ ಕಡೆ ತಿರುಗಿದ.

“ಕೊನೇದು ಹೊಣೆ. ಐಡಿ ಯಾರದ್ದೋ ಹೊಣೆ ಅವರದ್ದೇ. ಆಮೇಲೆ ನಾನಲ್ಲ ಅಂದ್ರೆ ನಡೆಯಲ್ಲ. ನಮ್ಮ ಭಾಷೇಲಿ ಅದಕ್ಕೆ ಅಲ್ಲಗಳೆಯಲಾಗದ್ದು ಅಂತಾರೆ.”

“ನಾನು ಬೋಟಲ್ಲಿದ್ದೆ ಅಲ್ವಾ?”

“ನೀನು ಬೋಟಲ್ಲಿದ್ದೆ. ನಿನ್ನ ಐಡಿ ಆಫೀಸಲ್ಲಿತ್ತು.”

ಒಲೆಯ ಮುಂದೆ ನಿಂತಿದ್ದ ಕೃತಿ ಸೌಟು ಹಿಡಿದೇ ತಿರುಗಿದಳು. ಬೋಟು ತಡವಾದರೆ ಸಂಬಳ ಮುರಿಯುವ ನಿಯಮ ಮಾಡಿದವರು ಯಾರು, ಅದಕ್ಕೆ ನಿಮ್ಮ ಪಾಠದಲ್ಲಿ ಏನು ಹೆಸರು ಎಂದು ಮಲಯಾಳದಲ್ಲಿ ಕೇಳಿದಳು. ಅದು ಆಡಳಿತದ ವಿಷಯ, ಸುರಕ್ಷತೆಯದಲ್ಲ ಎಂದ ಅಪ್ಪ. ಕೃತಿ ಕನ್ನಡಕ್ಕೆ ಇಳಿದಳು.

“ಕಳ್ಳ ನುಗ್ಗೋ ಸಂದಿಗೆ ದೌರ್ಬಲ್ಯ ಅಂತ ನೀವೇ ಹೇಳ್ಕೊಟ್ಟಿದ್ರಿ ಅಪ್ಪ. ಈ ಸಂದಿ ಕೊರೆದಿದ್ದು ಆಡಳಿತ. ಹೊಣೆ ಮಾತ್ರ ಅಮ್ಮನದಾ?”

“ದೋಸೆ ಸೀಯ್ತಾ ಇದೆ ನೋಡು,” ಎಂದ ಹೃಷಿಕೇಶ್.

ಅಷ್ಟರಲ್ಲಿ ಅವನ ಫೋನು ಗುಣುಗಿತು. ನೋಡಿ, ನಿನ್ನ ತಂಗಿ ಮೇಲ್ ಮಾಡಿದ್ದಾಳೆ, ಮಗುವಿನ ಫೋಟೋ ಇದೆ ಎಂದು ಕೋಕಿಲಾಳಿಗೆ ಹೇಳಿದ. ಅದರಲ್ಲಿ ಯಾರಿಗೂ ವಿಚಿತ್ರವೇನೂ ಕಾಣಲಿಲ್ಲ. ಮನೆಯವರ ಅಕೌಂಟುಗಳನ್ನೆಲ್ಲ ತೆರೆದುಕೊಟ್ಟವನು ಅವನೇ, ಎಲ್ಲದಕ್ಕೂ ಕೊಟ್ಟ ಮೊಬೈಲ್ ನಂಬರು ಅವನದೇ. ಹೆಂಡತಿಯ ಮೇಲ್ ಅವಳಿಗಿಂತ ಮೊದಲು ಅವನ ಕೈಗೆ ಬರುತ್ತಿತ್ತು. ಕೃತಿ ಮಾತ್ರ ಹೋದ ವರ್ಷ ತನ್ನದನ್ನು ಬದಲಾಯಿಸಿಕೊಂಡಿದ್ದಳು. ಅದಕ್ಕೆ ಅಪ್ಪ ಒಂದು ವಾರ ಅವಳ ಕಾಲೇಜಿನ ಸುದ್ದಿ ಕೇಳಿರಲಿಲ್ಲ.

ಮುಂದಿನ ವಾರ ಹಂಸಾ ಕಚೇರಿಗೆ ಬಂದ. ಅವನ ದೂರಿಗೆ ಕೊಟ್ಟ ಉತ್ತರದಲ್ಲಿ ಫೈಲು ತೆರೆದವರ ಹೆಸರು ಬರೆದಿದ್ದರು. ಕಾವಲುಗಾರ ಮೇಲಕ್ಕೆ ಬಿಡಲಿಲ್ಲವೆಂದು ಅವನು ಕೆಳಗೆ ಚಹಾದ ಅಂಗಡಿಯಲ್ಲಿ ಕಾದು ನಿಂತ. ಊಟದ ಹೊತ್ತಿಗೆ ಇಳಿದ ಕೋಕಿಲಾಳನ್ನು ಅಂಗಡಿಯವನೇ ಕೈತೋರಿಸಿ ಕೊಟ್ಟ. ನಲವತ್ತರ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಜಗಳಕ್ಕೆ ಬಂದವನ ಹಾಗೆ ಇರಲಿಲ್ಲ. ಅವನು ಮಲಯಾಳದಲ್ಲಿ, ಮೆತ್ತಗೆ ಮಾತಾಡಿದ. ಒಡಹುಟ್ಟಿದ ತಮ್ಮ ಅಪಘಾತದಲ್ಲಿ ಸತ್ತ ವರ್ಷ ನನಗೆ ನಿದ್ದೆ ಹೋಗಿ, ಊಟ ಹೋಗಿ, ಮಾನಸಿಕ ಆಸ್ಪತ್ರೆಯಲ್ಲಿ ಮೂರು ವಾರ ಇದ್ದೆ ಎಂದ. ಡಾಕ್ಟರು ಗಾಡಿ ಓಡಿಸಬಹುದೆಂದು ಬರೆದುಕೊಟ್ಟ ಮೇಲೇ ಓಡಿಸಿದ್ದು. ಆರು ವರ್ಷದಿಂದ ಒಂದು ಗೀರೂ ಆಗಿಲ್ಲ ಎಂದ. ಈಗ ಯಾರ್ಡಿನಲ್ಲಿ ಚಾಲಕರಿಗೆ ಪಾಯಖಾನೆ ಬೇಕು, ಮಲಗಲು ನೆರಳು ಬೇಕು ಎಂಬ ಅರ್ಜಿಗೆ ತಾನು ಎಲ್ಲರಿಂದ ಸಹಿ ಹಾಕಿಸಿದ ಮೇಲೆ ಗುತ್ತಿಗೆದಾರನಿಗೆ ತನ್ನ ಹಳೆಯ ಕಾಯಿಲೆ ಬೇಕಾಯಿತು ಎಂದ.

“ನನ್ನ ಹೆಂಡತಿಗೆ ಗೊತ್ತಿತ್ತು, ಡಾಕ್ಟರಿಗೆ ಗೊತ್ತಿತ್ತು. ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ನಾನೇ ಕೂರಿಸಿಕೊಂಡು ಹೇಳೋಣ ಅಂತಿದ್ದೆ. ಅವಳು ಸ್ಕೂಲ್ ಬಸ್ಸಲ್ಲಿ ಕೇಳಿಸಿಕೊಂಡು ಬಂದಳು.”

ಕೋಕಿಲಾ ಅಂಗಡಿಯ ಬೆಂಚಿನ ಮೇಲೆ ಕೂತಳು.

“ನೀವು ಓದಿದ್ರಾ ಚೇಚಿ?”

“ಇಲ್ಲ. ನಾನು ಓದಿಲ್ಲ.”

“ಹೆಸರು ನಿಮ್ಮದು.”

“ಹೆಸರು ನನ್ನದು.”

“ಹಾಗಿದ್ದರೆ ನಿಮ್ಮ ಹೆಸರಲ್ಲಿ ಕೂತು ಓದಿದವರು ಯಾರು ಅಂತ ನೀವಲ್ಲವಾ ಹೇಳಬೇಕಾದ್ದು?” ಎಂದ ಹಂಸಾ. ಅವಳ ಉತ್ತರಕ್ಕೆ ಕಾಯದೆ ಬೋಟು ನಿಲ್ಲುವ ಜೆಟ್ಟಿಯ ಕಡೆ ನಡೆದ.

ಅವಳಿಗೆ ಗೊತ್ತಿಲ್ಲದೇ ಇರಲಿಲ್ಲ. ಫೈಲು ತೆರೆದ ದಿನ ಬೆಳಿಗ್ಗೆ ನಾನು ಲಾಗಿನ್ ಮಾಡಿಟ್ಟು ಕೊರಿಯರ್ ತರಲು ಹೋಗಿದ್ದೆ ಎಂದು ವಿನ್ಸೆಂಟ್ ಅವಳಿಗೆ ಹೇಳಿದ್ದ. ಗುತ್ತಿಗೆದಾರ ಆ ವಾರ ಎರಡು ಸಲ ಧರಣೇಂದ್ರನ ಕೋಣೆಯಲ್ಲಿ ಚಹಾ ಕುಡಿದು ಹೋಗಿದ್ದ; ಚಾಲಕರ ಗುಂಪು ವಿಮೆಯನ್ನು ಈ ಕಚೇರಿಯಲ್ಲೇ ಮುಂದುವರಿಸುವುದು ಬಿಡುವುದು ಆ ಗುತ್ತಿಗೆದಾರನ ಕೈಯಲ್ಲಿತ್ತು. ಆ ಪುಟಗಳು ಅಚ್ಚಾಗಿದ್ದು ಧರಣೇಂದ್ರನ ಕೋಣೆಯ ಪ್ರಿಂಟರಿನಲ್ಲಿ. ಇದನ್ನು ಕಂಪ್ಯೂಟರ್ ವಿಭಾಗದ ಹುಡುಗಿಯೊಬ್ಬಳು ವಿನ್ಸೆಂಟನ ಕಿವಿಯಲ್ಲಿ ಹೇಳಿ, ನಾನು ಹೇಳಿದ್ದೆಂದು ಹೇಳಬೇಡ ಎಂದಿದ್ದಳು. ಯಾರ ಐಡಿ ಎಂದು ತೆಗೆಸಿ ನೋಡಿದವರು ಯಾವ ಪ್ರಿಂಟರ್ ಎಂದು ತೆಗೆಸಿ ನೋಡಲಿಲ್ಲ. ಲಾಗಿನ್ನನ್ನು ಹಾಜರಿ ಮಾಡಬೇಡಿ ಎಂದು ಆಡಳಿತಕ್ಕೆ ಮೂರು ಸಲ ಬರೆದುಕೊಟ್ಟವನು ವಿನ್ಸೆಂಟ್. ಅವನನ್ನು ಹೊರಗೆ ಕಳಿಸಲು ಆಡಳಿತದವರಿಗೆ ಒಂದು ದಾರಿ ಬೇಕಿತ್ತು, ಈಗ ಸಿಕ್ಕಿತ್ತು.

ಭಾನುವಾರ ಧರಣೇಂದ್ರ ಊಟಕ್ಕೆ ಬಂದ. ಹೃಷಿಕೇಶ್ ಮನೆಯಲ್ಲೇ ಇದ್ದ. ಸುಮಿತ್ರ ಹೀರೇಕಾಯಿ ಪಲ್ಯ, ಹೆಸರುಬೇಳೆ ತೊವ್ವೆ ಮಾಡಿ, ಊರಿಂದ ತರಿಸಿದ ಜೋಳದ ಹಿಟ್ಟಿನಲ್ಲಿ ರೊಟ್ಟಿ ತಟ್ಟಿದ್ದರು. ಇನ್ನೂ ಬಿಸಿಲಿತ್ತು. ಅವನು ಮೊದಲು ರೊಟ್ಟಿ ಹೊಗಳಿದ, ಆಮೇಲೆ ಊರಿನ ಮಳೆಯ ಸುದ್ದಿ ಹೇಳಿದ, ಆಮೇಲೆ ವಿಷಯಕ್ಕೆ ಬಂದ.

“ಕೋಕಿಲಾ ಅವರ, ಇದರಾಗ ನಿಮ್ಮ ತಪ್ಪೇನೂ ಇಲ್ಲರೀ. ಆ ವಿನ್ಸೆಂಟ್ ಸಹಾಯ ಮಾಡ್ತೀನಂತ ನಿಮ್ಮ ಪಾಸ್‌ವರ್ಡ್ ಇಸ್ಕೊಂಡಾನ. ಅಷ್ಟನ್ನ ಒಂದು ಮೇಲ್ ಹಾಕ್ರಿ. ನಿಮಗೊಂದು ವಾರ್ನಿಂಗ್ ಬರತೈತಿ, ಮುಗೀತು.”

“ಪಾಸ್‌ವರ್ಡ್ ನಿಮ್ಮ ಹತ್ರಾನೂ ಇತ್ತಲ್ಲ ಸರ್.”

“ಕೆಲಸಕ್ಕ ಇತ್ತರೀ.”

“ಪ್ರಿಂಟ್ ಬಂದಿದ್ದೂ ನಿಮ್ಮ ಕೋಣೇಲಿ ಅಂತಾರೆ.”

ಧರಣೇಂದ್ರ ರೊಟ್ಟಿ ಮುರಿದು ಪಲ್ಯ ತೆಗೆದುಕೊಂಡ. ಹೃಷಿಕೇಶ್ ಹೆಂಡತಿಯ ಕಡೆ ನೋಡಿದ, ಸಾಕು ಎನ್ನುವ ಹಾಗೆ.

“ನನ್ನ ಕೋಣಿಗೆ ಹತ್ತ ಮಂದಿ ಬರ್ತಾರ, ಹತ್ತ ಮಂದಿ ಹೋಗ್ತಾರ,” ಎಂದ ಧರಣೇಂದ್ರ. “ನೋಡ್ರಿ, ನಾವು ಇಲ್ಲಿ ಹೊರಗಿನವರು. ನಮ್ಮ ಮಂದೀನ ನಾವ ನೋಡ್ಕೊಬೇಕು. ಆ ವಿನ್ಸೆಂಟ್ ಈ ಊರಾಂವ, ಅವಗ ಯಾರರ ಇರ್ತಾರ. ನಿಮಗ ಯಾರದಾರ್ರೀ?”

ಸುಮಿತ್ರ ಇನ್ನೊಂದು ರೊಟ್ಟಿ ತಂದವರು ಬಾಗಿಲಲ್ಲೇ ನಿಂತರು. ಹೊತ್ತು ಮುಳುಗುವ ಮೊದಲು ಕೈ ತೊಳೆದು ಧರಣೇಂದ್ರ ಹೊರಟ. ಅವ್ವಾರ, ಬರ್ತೀನ್ರಿ ಎಂದ. ಸುಮಿತ್ರ ಹೂಂ ಎಂದರೇ ಹೊರತು ಎಂದಿನಂತೆ ಮೆಟ್ಟಿಲ ತನಕ ಹೋಗಲಿಲ್ಲ. ರಾತ್ರಿಯ ಪಾತ್ರೆ ತೊಳೆಯುವಾಗ ಸೊಸೆಯನ್ನು ಒಂದೇ ಮಾತು ಕೇಳಿದರು, ಆ ಹಂಸಾನ ಮಗಳಿಗೆ ಎಷ್ಟು ವಯಸ್ಸು ಎಂದು. ಕೋಕಿಲಾಳಿಗೆ ಗೊತ್ತಿರಲಿಲ್ಲ.

ಸೋಮವಾರದಿಂದ ವಿನ್ಸೆಂಟನನ್ನು ಸೀಟಿನಿಂದ ಎಬ್ಬಿಸಿ, ವಿಚಾರಣೆಯ ತನಕ ಮನೆಯಲ್ಲಿರು ಎಂದರು. ಬೆಳಿಗ್ಗೆ ಯಾರ ಫ್ಯಾನೂ ತಿರುಗುತ್ತಿರಲಿಲ್ಲ. ಕೋಕಿಲಾ ಮೊದಲ ಬೋಟಿಗೆ ಓಡತೊಡಗಿದಳು. ಅವಳ ಬೆಳಗಿನ ಕೆಲಸವೆಲ್ಲ ಮನೆಯಲ್ಲಿ ಹಂಚಿಹೋಯಿತು: ಅಕ್ಕಿ ತೊಳೆದಿಡುವುದು ಕೃತಿ, ಟಿಫಿನ್ ಕಟ್ಟುವುದು ಸುಮಿತ್ರ, ನೀರಿನ ಮೋಟರು ಯಾರು ಆರಿಸಬೇಕೆಂಬುದಕ್ಕೆ ದಿನವೂ ಜಗಳ. ಒಂದು ದಿನ ಟ್ಯಾಂಕು ತುಂಬಿ ಗೋದಾಮಿನ ಶುಂಠಿಯ ಮೂಟೆಗಳ ಮೇಲೆ ನೀರು ಸುರಿಯಿತು. ಗೋದಾಮಿನವನು ಮೇಲೆ ಬಂದು ಬೈದು ಹೋದ. ಸುಮಿತ್ರ ಅವನಿಗೆ ಕನ್ನಡದಲ್ಲಿ, ಅವನು ಇವರಿಗೆ ಮಲಯಾಳದಲ್ಲಿ, ಇಬ್ಬರಿಗೂ ಇನ್ನೊಬ್ಬರು ಹೇಳಿದ್ದು ಪೂರ್ತಿ ಅರ್ಥವಾಯಿತು. ಅಷ್ಟೆಲ್ಲ ಮಾಡಿಯೂ ಬುಧವಾರ ಹಡಗೊಂದು ಅಡ್ಡ ಬಂದು ಬೋಟು ನಿಂತಿತು, ಕೋಕಿಲಾಳ ಅರ್ಧ ದಿನ ಹೋಯಿತು.

ದಿನವೂ ಸಂಜೆ ಪಟ್ಟಂನಿಂದ ಹೃಷಿಕೇಶನ ಫೋನು ಬರುತ್ತಿತ್ತು. ಮೇಲ್ ಹಾಕಿದೆಯಾ ಎನ್ನುವುದು ಅವನ ಪ್ರಶ್ನೆ, ಇನ್ನೂ ಇಲ್ಲ ಎನ್ನುವುದು ಇವಳ ಉತ್ತರ. ಅವನು ರೇಗುತ್ತಿರಲಿಲ್ಲ. ಕೃತಿಯ ಓದು ಇನ್ನೂ ಮೂರು ವರ್ಷವಿದೆ, ಈ ವಯಸ್ಸಿನಲ್ಲಿ ನಿನಗೆ ಬೇರೆ ಕೆಲಸ ಸಿಗುವುದಿಲ್ಲ, ವಿನ್ಸೆಂಟ್ ಪಾಸ್‌ವರ್ಡ್ ಇಸಿದುಕೊಂಡದ್ದಂತೂ ಸುಳ್ಳಲ್ಲವಲ್ಲ ಎಂದು ತಿಳಿಹೇಳುತ್ತಿದ್ದ. ಅವನು ಇಸಿದುಕೊಂಡಿದ್ದಲ್ಲ, ನಾನು ಕೊಟ್ಟಿದ್ದು ಎನ್ನುತ್ತಿದ್ದಳು ಕೋಕಿಲಾ. ಎರಡಕ್ಕೂ ಏನು ವ್ಯತ್ಯಾಸ ಎಂದು ಅವನು ಕೇಳುತ್ತಿದ್ದ.

ಗುರುವಾರ ಸಿಬ್ಬಂದಿ ವಿಭಾಗದ ಅಧಿಕಾರಿಣಿ ಕೋಕಿಲಾಳನ್ನು ಕರೆದು ಕುರ್ಚಿ ಕೊಟ್ಟಳು. ನಿಮ್ಮ ಮೇಲ್ ತಲುಪಿತು, ತುಂಬ ಸಹಾಯವಾಯಿತು, ಸೋಮವಾರ ವಿಚಾರಣೆಯಲ್ಲಿ ಇದು ನನ್ನದೇ ಎಂದು ನೀವು ಒಂದು ಮಾತು ಹೇಳಿದರೆ ಸಾಕು ಎಂದಳು. ಕೋಕಿಲಾ ಯಾವ ಮೇಲ್ ಎಂದು ಕೇಳಲಿಲ್ಲ. ಮೆಟ್ಟಿಲ ಸಂದಿಗೆ ಬಂದು ಫೋನು ತೆರೆದು ನೋಡಿದಳು. ಮೇಲ್ ಅವಳ ಹೆಸರಿನಿಂದ, ಆ ದಿನ ಬೆಳಿಗ್ಗೆ ಅವಳು ಬೋಟಿನಲ್ಲಿದ್ದ ಹೊತ್ತಿನಲ್ಲಿ ಹೋಗಿತ್ತು. ಅಂಕುಡೊಂಕಿಲ್ಲದ ಇಂಗ್ಲಿಷ್. ಸಹಾಯದ ನೆಪದಲ್ಲಿ ವಿನ್ಸೆಂಟ್ ಎಂಬವರು ನನ್ನ ಪಾಸ್‌ವರ್ಡ್ ಪಡೆದುಕೊಂಡರು, ನನ್ನ ಅಜಾಗರೂಕತೆಗೆ ವಿಷಾದಿಸುತ್ತೇನೆ, ಅದನ್ನು ದುರುಪಯೋಗ ಮಾಡಿದವರು ಅವರೇ ಎಂದು ನಂಬಲು ಕಾರಣವಿದೆ ಎಂದು ಬರೆದಿತ್ತು. ಕೊನೆಗೆ ಅವಳ ಹೆಸರು. ಆ ಇಂಗ್ಲಿಷ್ ಯಾರದೆಂದು ಅವಳಿಗೆ ಮೊದಲ ಸಾಲಿನಲ್ಲೇ ತಿಳಿದಿತ್ತು. ಇಪ್ಪತ್ತೆರಡು ವರ್ಷ ಅವನ ಅರ್ಜಿಗಳನ್ನು ಓದಿದ್ದಳು.

ಮನೆಗೆ ಹೋಗಿ ಕೃತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ನನ್ನ ಮೇಲ್ ಪಾಸ್‌ವರ್ಡ್ ಬದಲಾಯಿಸುವುದು ಹೇಗೆ ತೋರಿಸು ಎಂದಳು. ಹಳೆಯದನ್ನು ಹಾಕಿ, ಹೊಸದನ್ನು ಹಾಕಿ, ಕೊನೆಗೆ ನೋಂದಾಯಿಸಿದ ಮೊಬೈಲಿಗೆ ಬಂದ ಸಂಖ್ಯೆ ಹಾಕಿ ಎಂದಿತು ಪರದೆ. ಇಬ್ಬರೂ ಮುಖ ನೋಡಿಕೊಳ್ಳುವಷ್ಟರಲ್ಲಿ ಪಟ್ಟಂನಿಂದ ಫೋನು ಬಂತು.

“ಕೋಕಿಲಾ, ಹುಷಾರು. ಯಾರೋ ನಿನ್ನ ಅಕೌಂಟ್ ಒಳಗೆ ನುಗ್ತಾ ಇದಾರೆ.”

“ಯಾರೋ ಅಲ್ಲ. ನಾನೇ.”

ಫೋನಿನಲ್ಲಿ ಅವನ ಹಿಂದುಗಡೆ ಆಟೋಗಳ ಸದ್ದು ಕೇಳುತ್ತಿತ್ತು.

“ನಂಬರ್ ಹೇಳ್ರೀ,” ಎಂದಳು ಕೋಕಿಲಾ.

“ಶನಿವಾರ ಬರ್ತೀನಲ್ಲ. ಕೂತು ಮಾತಾಡೋಣ.”

ನಂಬರು ಹೇಳಲಿಲ್ಲ. ಕೃತಿ ಒಂದು ಕೆಟ್ಟ ಮಲಯಾಳ ಮಾತು ಆಡಿದಳು. ಸುಮಿತ್ರರಿಗೆ ಆ ಭಾಷೆಯಲ್ಲಿ ಗೊತ್ತಿದ್ದ ಕೆಲವೇ ಮಾತುಗಳಲ್ಲಿ ಅದೂ ಒಂದು. ಆದರೂ ಅವರು ಗದರಲಿಲ್ಲ. ಏನಾಯಿತೆಂದು ಕೇಳಿದರು, ಕೋಕಿಲಾ ಆ ಮೇಲ್ ಅನ್ನು ಕನ್ನಡದಲ್ಲಿ ಓದಿ ಹೇಳಿದಳು. ಸುಮಿತ್ರ ಇನ್ನೊಂದು ಸಲ ಓದಿಸಿದರು.

ಶನಿವಾರ ಹೃಷಿಕೇಶ್ ಬಂದ. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಅನ್ನ, ಹುರುಳಿಕಾಯಿ ಪಲ್ಯ, ಬಸ್ಸಾರು. ಸಾರಿನ ಅನ್ನ ಮುಗಿಯಿತು. ಮಾತು ಶುರು ಮಾಡಿದವರು ಸುಮಿತ್ರ.

“ಹೃಷಿ, ಆ ಕಾಗದ ನೀನು ಬರ್ದಿದ್ದಾ?”

“ಅವಳ ಒಳ್ಳೇದಕ್ಕೆ ಅಮ್ಮ.”

“ಅವಳನ್ನ ಕೇಳಿದ್ಯಾ?”

“ಕೇಳಿದ್ರೆ ಇವತ್ತಿನ ತನಕ ಹೋಗ್ತಿರ್ಲಿಲ್ಲ ಅದು. ಕೆಲಸ ಹೋಗಿರೋದು.”

ಮನೆಯ ಯಜಮಾನ ಮನೆಯವರಿಗಾಗಿ ಒಂದು ಕಾಗದ ಬರೆದರೆ ಅದೇನು ಕಳ್ಳತನವೇ, ಈ ಮನೆಯಲ್ಲಿ ಯಾವತ್ತಾದರೂ ತಾನು ತನಗಾಗಿ ಏನಾದರೂ ಮಾಡಿಕೊಂಡದ್ದುಂಟೇ ಎಂದು ಅವನು ಕೇಳಿದ. ಸುಳ್ಳೇನಲ್ಲ. ಅವನ ಅಂಗಿಗಳು ಕಾಲರು ಸವೆದವು, ಅವನು ಮಲಗುವ ಕೋಣೆಗೆ ಕಿಟಕಿಯಿಲ್ಲ. ಅದು ಕೋಕಿಲಾಳಿಗೂ ಗೊತ್ತಿತ್ತು. ಅವಳು ಅವನ ತಟ್ಟೆಗೆ ಪಲ್ಯ ಬಡಿಸಿ, ಕೂತುಕೊಂಡಳು.

“ಆಫೀಸಲ್ಲಿ ಯಾರೋ ನನ್ನ ಹೆಸ್ರು ಹಾಕ್ಕೊಂಡು ಹಂಸಾನ ಕೆಲಸ ತೆಗ್ದ್ರು. ನೀವು ನನ್ನ ಹೆಸ್ರು ಹಾಕ್ಕೊಂಡು ವಿನ್ಸೆಂಟಿಂದು ತೆಗೀತಿದೀರ. ನಾನು ಎರಡು ಸಲಾನೂ ಬೋಟಲ್ಲೇ ಇದ್ದೆ.”

“ನಾನೂ ಅವರೂ ಒಂದೇನಾ?”

“ನಾನು ನಾನೇ ಅಂತ ಯಂತ್ರಕ್ಕೆ ಒಪ್ಸೋಕೆ ನಿಮಗೆ ಬರುತ್ತೆ. ಅಷ್ಟಕ್ಕೇ ನನ್ನ ಪರವಾಗಿ ಬರೆಯೋ ಅಧಿಕಾರ ಬಂತಾ? ಎರಡೂ ಬೇರೆ ಅಂತ ಹೇಳಿದ್ದು ನೀವೇ.”

ಕೃತಿ ಏನೋ ಹೇಳಲು ಹೋದಳು, ಸುಮಿತ್ರ ಅವಳ ಮೊಣಕೈ ಹಿಡಿದರು. ಹೃಷಿಕೇಶ್ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತ. ಮತ್ತೆ ಮಾತಾಡಿದಾಗ ಅವನ ದನಿಯಲ್ಲಿ ಪಾಠವಿರಲಿಲ್ಲ, ಭಯವಿತ್ತು. ಮೇಲ್ ನನ್ನದಲ್ಲ ಎಂದು ಸೋಮವಾರ ನೀನು ಹೇಳಿದರೆ ಮತ್ತೆ ಯಾರದು ಎಂದು ಕೇಳುತ್ತಾರೆ ಎಂದ. ಅದು ಎಲ್ಲಿಂದ ಹೋಯಿತೆಂದು ತೆಗೆಸುತ್ತಾರೆ. ಅವನು ಅದನ್ನು ಬ್ಯಾಂಕಿನ ಕಂಪ್ಯೂಟರಿನಲ್ಲಿ, ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಬರೆದು ಕಳಿಸಿದ್ದ. ಇನ್ನೊಬ್ಬರ ಅಕೌಂಟಿಗೆ ಹೋಗಬಾರದೆಂದು ವರ್ಷಕ್ಕೆ ನೂರು ಜನಕ್ಕೆ ಪಾಠ ಹೇಳುವ ಅಧಿಕಾರಿ ಹೀಗೆ ಮಾಡಿದನೆಂದರೆ ಬ್ಯಾಂಕು ತನ್ನನ್ನು ಅಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದ. ಚಾರ್ಜ್‌ಶೀಟ್ ಆಗಬಹುದು.

ಮೂವರೂ ಅವನನ್ನು ನೋಡಿದರು. ಇಲ್ಲಿಯ ತನಕ ಅವನು ಇದನ್ನು ಹೇಳಿರಲಿಲ್ಲ. ಸುಮಿತ್ರ ಅವನಿಗೆ ಮಜ್ಜಿಗೆಗೆ ಅನ್ನ ಬಡಿಸಿದರು, ಅವನು ಬೇಡವೆನ್ನಲೂ ಇಲ್ಲ, ಕಲಸಲೂ ಇಲ್ಲ. ಕೆಳಗೆ ಗೋದಾಮಿನಲ್ಲಿ ಮೂಟೆ ಇಳಿಸುವವರ ಕೂಗು ಕೇಳುತ್ತಿತ್ತು.

“ಎರಡೂ ಸಂಬಳ ಹೋಗುತ್ತೆ ಕೋಕಿಲಾ. ನಂದೂ, ನಿಂದೂ. ಆ ವಿನ್ಸೆಂಟಿಗೋಸ್ಕರನಾ?”

“ಅವನಿಗೂ ಮನೆ ಇದೆ.”

“ಸೋಮವಾರ ಹೋಗು. ಏನೂ ವಿವರಿಸ್ಬೇಡ, ಯಾರನ್ನೂ ದೂರಬೇಡ. ಮೇಲ್ ನಂದೇ ಅಂತ ಒಂದು ಮಾತು ಹೇಳು. ನಾನಿನ್ನು ನಿನ್ನ ಫೋನು, ನಿನ್ನ ಅಕೌಂಟು ಯಾವುದನ್ನೂ ಮುಟ್ಟಲ್ಲ. ಅಮ್ಮನ ಎದುರಿಗೆ ಹೇಳ್ತಿದೀನಿ. ಒಂದೇ ಮಾತು.”

ಅವನು ತಾಯಿಯ ಕಡೆ ನೋಡಿದ. ಸುಮಿತ್ರ ಸೊಸೆಯ ಕಡೆ ನೋಡಿದರು, ಆದರೆ ಹೂಂ ಎನ್ನು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಕೋಕಿಲಾ ಎಂಜಲು ಕೈಯನ್ನು ತಟ್ಟೆಯ ಅಂಚಿಗೆ ಒರೆಸಿಕೊಂಡಳು.

“ಹೇಳಲ್ಲ,” ಎಂದಳು. “ಆ ಮೇಲ್ ನಾನು ಬರ್ದಿದ್ದಲ್ಲ ಅಂತ ಹೇಳ್ತೀನಿ. ಪ್ರಿಂಟರ್ ಯಾರದ್ದು ನೋಡಿ ಅಂತ ಹೇಳ್ತೀನಿ. ಮತ್ತೆ ಮೇಲ್ ಬರ್ದೋರು ಯಾರು ಅಂತ ಕೇಳಿದ್ರೆ, ಅದನ್ನೂ ಹೇಳ್ತೀನಿ.”